ಮೂರು ಬಣ್ಣದ ಗಂಟು

ಕಳೆದ ವಾರ ಬನಶಂಕರಿಯ ಒಂದು ಛತ್ರದಲ್ಲಿ ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿಸಿ, ಮೆಟ್ಟಿಲಿಳಿಯಲು ಮಂಡಿಗಳನ್ನು ಒಪ್ಪಿಸುತ್ತ ನಿಂತಿದ್ದಾಗ ಮಗುವಿನ ಅಜ್ಜಿ ಬಂದು ಅರಿಶಿನ ಕುಂಕುಮ ಕೊಟ್ಟು, ತೆಂಗಿನಕಾಯಿ, ಎಲೆ ಅಡಿಕೆ, ಬ್ಲೌಸ್ ಪೀಸ್ ಇದ್ದ ಚೀಲ ಕೈಗಿತ್ತರು. ನಾನು ಅಲ್ಲೇ ಬ್ಲೌಸ್ ಪೀಸ್ ಹೊರಗೆ ತೆಗೆದು, ಮಡಿಕೆ ಬಿಚ್ಚಿ, ನಾಲ್ಕೂ ಮೂಲೆಗಳನ್ನು ನೋಡಿದೆ. ಅವರ ಮುಖ ಸಣ್ಣದಾಯಿತು. "ಕಾಟನ್ನೇ ಮೇಡಂ, ಒಳ್ಳೇದೇ ತಂದಿರೋದು" ಎಂದರು. "ಅಯ್ಯೋ, ಅದಕ್ಕಲ್ಲಮ್ಮ" ಎಂದೆ. ಮತ್ಯಾತಕ್ಕೆ ಎಂದು ಹೇಳಲು ಹೋಗಲಿಲ್ಲ. ಹೇಳುವುದಕ್ಕೆ ಅರ್ಧ ಗಂಟೆ ಬೇಕು, ನನಗೆ ಬಸ್ಸು ಹಿಡಿಯಬೇಕಿತ್ತು.

ಆ ಅರ್ಧ ಗಂಟೆಯ ಮಾತು ಇದು. ಜಯನಗರದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಅಡ್ಮಿಷನ್ ವಿಭಾಗದ ಗುಮಾಸ್ತೆಯಾಗಿ ಕೂದಲು ಬೆಳ್ಳಗಾಗುವವರೆಗೆ ಇದ್ದೆ. ಅದೇ ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕಿಯಾಗಿದ್ದವರೊಬ್ಬರ ಬಗ್ಗೆ ಹೇಳಬೇಕು. ನನಗಿಂತ ಎಂಟು ವರ್ಷ ದೊಡ್ಡವರು. ಮೊದಲು ಮೇಡಂ ಎನ್ನುತ್ತಿದ್ದೆ, ಆಮೇಲೆ ಅಕ್ಕ ಎಂದೆ. ಅವರು ನನ್ನನ್ನು ಕರೆಯುತ್ತಿದ್ದದ್ದು ಬೂದಗುಂಬಳ ಅಂತ. ನನ್ನ ಸೀರೆಗಳೆಲ್ಲ ಬೂದು, ತಿಳಿಗಂದು, ಇಲ್ಲವೇ ಹೆಸರಿಲ್ಲದ ಇನ್ಯಾವುದೋ ಬಣ್ಣ. ಕೊಳೆ ಕಾಣುವುದಿಲ್ಲ, ಒಗೆಯುವ ಕೆಲಸ ಕಡಿಮೆ, ಯಾರೂ ತಿರುಗಿ ನೋಡುವುದಿಲ್ಲ. ಬೆಳಿಗ್ಗೆ ಅಡುಗೆ ಮಾಡಿಟ್ಟು, ಗಂಡನ ಮಾತ್ರೆಗಳನ್ನು ಎಣಿಸಿಟ್ಟು, ಎರಡು ಬಸ್ಸು ಬದಲಿಸಿ ಬರುವವಳಿಗೆ ಇನ್ನೇನು ಬೇಕು?

ಅವರು ಹಾಗಲ್ಲ. ಅವರನ್ನು ಮೊದಲ ಸಲ ನೋಡಿದ ದಿನ ಸಾಸಿವೆ ಬಣ್ಣದ ಸೀರೆ ಉಟ್ಟಿದ್ದರು. ರವಿಕೆಯ ಒಂದು ತೋಳು ಕೆಂಪು, ಇನ್ನೊಂದು ಹಸಿರು. ಕಿವಿಯಲ್ಲಿ ಕೋಟಿನ ದೊಡ್ಡ ಗುಂಡಿಗಳು, ನೀಲಿಯವು. ಕನ್ನಡಕಕ್ಕೆ ಹುಣಸೆ ಬೀಜ ಪೋಣಿಸಿದ ದಾರ. ಬಟ್ಟೆ ಸಾಲದೆ ಎರಡು ತೋಳಿಗೆ ಎರಡು ಬಣ್ಣ ಹಾಕಿದ್ದಾರೇನೋ ಪಾಪ ಎಂದುಕೊಂಡು, ಸಲುಗೆ ಬೆಳೆದ ಮೇಲೆ ಒಂದು ದಿನ ಕೇಳಿಯೂ ಬಿಟ್ಟೆ. "ಬಟ್ಟೆ ಇತ್ತು ಕಣೇ. ಎರಡು ಕೈ ಯಾವತ್ತಾದ್ರೂ ಒಂದೇ ಕೆಲಸ ಮಾಡುತ್ತಾ? ಮತ್ಯಾಕೆ ಒಂದೇ ಬಣ್ಣ?" ಎಂದರು. ಮ್ಯಾಚಿಂಗ್ ಎನ್ನುವುದು ಧೈರ್ಯ ಇಲ್ಲದವರ ಕೆಲಸ ಎಂಬುದು ಅವರ ಸಿದ್ಧಾಂತ. ನಾನು ಬೂದು ಸೀರೆಗೆ ಬೂದು ರವಿಕೆ ತೊಡುವವಳು. ಈ ಮಾತು ಯಾರಿಗೆ ಅಂತ ಕೇಳಬೇಕಾಗಿರಲಿಲ್ಲ.

ಅವರು ಅಂಗಡಿಯಲ್ಲಿ ರೆಡಿಮೇಡ್ ಕೊಂಡದ್ದನ್ನು ನಾನು ನೋಡಿಲ್ಲ. ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟಿಸುವಾಗ ಉಳಿಯುತ್ತಿದ್ದ ಬೈಂಡಿಂಗ್ ಬಟ್ಟೆಯ ಪಟ್ಟಿಗಳು ಅವರ ಸೀರೆಯ ಅಂಚಾಗುತ್ತಿದ್ದವು. ಬಿರಿದ ಪ್ಲಾಸ್ಟಿಕ್ ಬಳೆಗಳಿಗೆ ರೇಷ್ಮೆ ದಾರ ಸುತ್ತಿ ಹೊಸ ಬಳೆ ಮಾಡಿಕೊಳ್ಳುತ್ತಿದ್ದರು. ಅವರ ಕೊಡೆ ಇಡೀ ಕಾಲೇಜಿಗೆ ಗೊತ್ತಿತ್ತು. ಕಪ್ಪು ಬಟ್ಟೆ ಹರಿದಲ್ಲೆಲ್ಲ ಒಂದೊಂದೇ ಬಣ್ಣದ ತುಂಡು ಸೇರಿಸುತ್ತ ಹೋಗಿ ಕೊನೆಗೆ ಕಪ್ಪು ಎಲ್ಲೂ ಉಳಿದಿರಲಿಲ್ಲ. ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಿಂದ ಆ ಕೊಡೆ ಹೊರಟಿತೆಂದರೆ ಹುಡುಗರು ಲೈಬ್ರರಿಯಲ್ಲಿ ಗಲಾಟೆ ನಿಲ್ಲಿಸುತ್ತಿದ್ದರು. ಸಿಗ್ನಲ್ ಮಿಸ್ ಎಂದು ಹೆಸರಿಟ್ಟಿದ್ದರು. ಅದು ಅವರ ಕಿವಿಗೆ ಬಿದ್ದಾಗ, "ಒಳ್ಳೇದಾಯ್ತು, ಸಿಗ್ನಲ್ ಕಂಡ್ರೆ ಆಟೋದೋರು ಗುದ್ದಲ್ಲ" ಎಂದು ನಕ್ಕರು.

ದೇವತೆಯೇನಲ್ಲ ಅವರು. ಇನ್ನೊಬ್ಬರ ಬಟ್ಟೆಯ ಮೇಲೆ ಅವರ ಕಣ್ಣು ಬಿತ್ತೆಂದರೆ ಬಿಡಿಸಿಕೊಳ್ಳುವುದು ಕಷ್ಟ. ಉಟ್ಟುಕೊಂಡು ನಿಂತವರ ಸೆರಗು ಹಿಡಿದು, "ಇದು ಯಾವಾಗ ಹರಿಯುತ್ತೆ? ಹರಿದ್ರೆ ನಂಗೆ ಹೇಳು" ಎನ್ನುತ್ತಿದ್ದರು. ಸ್ಟಾಫ್ ರೂಮಿನ ಪರದೆ ಒಂದು ದಿನ ಒಂದೂವರೆ ಅಡಿ ಗಿಡ್ಡವಾಗಿತ್ತು. ಮರುವಾರ ಅವರ ಹೆಗಲಲ್ಲಿ ಆ ಪರದೆಯ ಹೂವುಗಳೇ ಇದ್ದ ಚೀಲ ನೇತಾಡುತ್ತಿತ್ತು. ಪ್ರಿನ್ಸಿಪಾಲರು ಕೇಳಿದರೆ, "ನೆಲ ಗುಡಿಸ್ತಾ ಇತ್ತು ಸಾರ್, ಪಾಪ ಅನ್ನಿಸ್ತು" ಎಂದರಂತೆ. ನನಗೂ ಬೇಕಾದಷ್ಟು ಮಾಡಿಕೊಟ್ಟಿದ್ದರು: ಚೀಲ, ಬಳೆ, ಕನ್ನಡಿ ಹಚ್ಚಿದ ರವಿಕೆ. ಎಲ್ಲವನ್ನೂ ದಾಕ್ಷಿಣ್ಯಕ್ಕೆ ಅಯ್ಯೋ ಎಷ್ಟು ಚೆನ್ನಾಗಿದೆ ಎಂದು ತೆಗೆದುಕೊಂಡಿದ್ದೇನೆ. ಒಂದನ್ನೂ ಹಾಕಿಕೊಂಡು ಮನೆಯ ಹೊಸ್ತಿಲು ದಾಟಿಲ್ಲ.

ಬ್ಲೌಸ್ ಪೀಸಿನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗಳಲ್ಲಿ ಇದರ ಕಥೆ ಎಲ್ಲರಿಗೂ ಗೊತ್ತು. ಮದುವೆ, ಮುಂಜಿ, ಗೃಹಪ್ರವೇಶ, ವರಮಹಾಲಕ್ಷ್ಮಿ ಎಂದು ಎಲ್ಲಿಗೆ ಹೋದರೂ ಒಂದು ರವಿಕೆ ಕಣ ಕೊಡುತ್ತಾರೆ. ಅದನ್ನು ಯಾರೂ ಹೊಲಿಸುವುದಿಲ್ಲ. ಬೀರುವಿನ ಒಂದು ಖಾನೆಯಲ್ಲಿ ಪೇರಿಸಿಟ್ಟು, ನಮ್ಮ ಮನೆಗೆ ಯಾರಾದರೂ ಬಂದಾಗ ಅದರಲ್ಲೇ ಒಂದನ್ನು ಎಳೆದು ಕೊಡುತ್ತೇವೆ. ಅವರೂ ಹಾಗೇ ಮಾಡುತ್ತಾರೆ. ಯಾವುದು ಯಾರು ಕೊಟ್ಟದ್ದೆಂದು ಯಾರಿಗೂ ನೆನಪಿರುವುದಿಲ್ಲ. ಕೊಟ್ಟವರಿಗೇ ತಿರುಗಿ ಕೊಡದಿದ್ದರೆ ಸಾಕು ಎನ್ನುವುದೊಂದೇ ನಮ್ಮ ಎಚ್ಚರ.

ಅಕ್ಕನಿಗೆ ಆ ಕಣ ಯಾರೂ ಕೊಡುತ್ತಿರಲಿಲ್ಲ. ಮಗ ಎರಡನೇ ಕ್ಲಾಸಿನಲ್ಲಿದ್ದಾಗಲೇ ಗಂಡ ತೀರಿಕೊಂಡಿದ್ದರು. ಮುತ್ತೈದೆಯರಿಗೆ ಕೊಡುವ ಹೊತ್ತಿಗೆ ಅವರು ತಾವಾಗಿಯೇ ಎದ್ದು ಅಡುಗೆಮನೆ ಕಡೆಗೋ ಕೈತೊಳೆಯುವ ಕಡೆಗೋ ಹೋಗಿಬಿಡುತ್ತಿದ್ದರು. ಅದನ್ನು ಕಂಡೂ ನಾನು ಕೈಯೊಡ್ಡಿ ತೆಗೆದುಕೊಳ್ಳುತ್ತಿದ್ದೆ. ಮಾರನೆಯ ದಿನ ಅವರೇ ಲೈಬ್ರರಿಯ ಕೌಂಟರಿನಿಂದ ಕೂಗುತ್ತಿದ್ದರು: "ಏನ್ ಬಂತೇ ನಿನ್ನೆ? ತೆಗಿ ನೋಡೋಣ." ನಾವು ನಾಲ್ಕೈದು ಜನ ಹೆಂಗಸರು ಬಂದ ಕಣಗಳನ್ನೆಲ್ಲ ತಂದು ಅವರ ಮೇಜಿನ ಮೇಲೆ ಹಾಕುತ್ತಿದ್ದೆವು. ಬೇಕಾದ ಎರಡನ್ನು ಅವರು ಇಟ್ಟುಕೊಳ್ಳುತ್ತಿದ್ದರು. ಉಳಿದವುಗಳ ಒಂದೊಂದು ಮೂಲೆಗೆ ಕೆಂಪು, ಹಳದಿ, ಹಸಿರು ದಾರದ ಮೂರು ಪುಟ್ಟ ಗಂಟು ಹಾಕಿ, ಮೊದಲಿನಂತೆಯೇ ಮಡಿಸಿ, "ಹೋಗಿ ಬಾರಪ್ಪ" ಎಂದು ನಮ್ಮ ಕೈಗೆ ಕೊಡುತ್ತಿದ್ದರು.

ನಾಲ್ಕು ವರ್ಷವಾದ ಮೇಲೆ ಒಂದು ಗಂಟು ತಿರುಗಿ ಬಂತು. ಮೈಸೂರಿನಲ್ಲಿ ಯಾರದೋ ಸೀಮಂತಕ್ಕೆ ಹೋದ ನಮ್ಮ ಟೈಪಿಸ್ಟಿಗೆ ಸಿಕ್ಕ ಕಣದ ಮೂಲೆಯಲ್ಲಿ ಅದಿತ್ತು. ಅವತ್ತು ಅವರ ಸಂಭ್ರಮ ನೋಡಬೇಕಿತ್ತು. ಆ ತಿಳಿನೇರಳೆ ಬಟ್ಟೆಯನ್ನು ಎತ್ತಿ ಹಿಡಿದು, ಲೈಬ್ರರಿಯಲ್ಲಿ ಮಾತಾಡಬಾರದೆಂಬ ಬೋರ್ಡಿನ ಕೆಳಗೇ ನಿಂತು, "ನೋಡ್ರೇ, ಇದು ಎಷ್ಟು ಮನೆ ಸುತ್ತಿ ಬಂದಿದೆ! ಎಷ್ಟು ಜನರ ಕೈಲಿ ಕುಂಕುಮ ಇಟ್ಟಿಸ್ಕೊಂಡು ಬಂದಿದೆ!" ಎಂದು ಕೂಗಿದರು. ಅದನ್ನು ತಾವು ಇಟ್ಟುಕೊಳ್ಳಲಿಲ್ಲ, ಮತ್ತೆ ಕಳಿಸಿದರು.

ಗಂಡ ಹೋದ ಮೇಲಿನ ಮೊದಲ ವರ್ಷಗಳ ಮಾತು ಅವರು ಆಡಿದ್ದು ಒಂದೇ ಸಲ, ಅದೂ ಊಟದ ಡಬ್ಬಿ ತೊಳೆಯುತ್ತ. ಅತ್ತೆ ಮಾಸಲು ಬಣ್ಣದ ಸೀರೆಗಳನ್ನೇ ತಂದುಕೊಡುತ್ತಿದ್ದರಂತೆ. ಎದುರಾಡಲಿಲ್ಲ. ಆ ಸೀರೆಗಳಿಗೆ ಒಳಗಿನಿಂದ ಹೊಲಿಯುವ ಫಾಲ್ ಇರುತ್ತದಲ್ಲ, ಅದಕ್ಕೆ ಅರಿಶಿನದಂಥ ಹಳದಿ ಬಟ್ಟೆ ತಂದು ಹೊಲಿದುಕೊಂಡರು. ಹೊರಗೆ ಕಾಣುವುದಿಲ್ಲ. "ಬಸ್ ಹತ್ತುವಾಗ ಕಾಲೆತ್ತಿದ್ರೆ ಒಂಚೂರು ಕಾಣೋದು. ದಿನಕ್ಕೆ ಎರಡು ಸಲ. ಅಷ್ಟರಲ್ಲೇ ಎರಡು ವರ್ಷ ಬದುಕಿದೀನಿ ಕಣೇ" ಎಂದರು. ಆಮೇಲೆ ಅತ್ತೆಗೂ ವಯಸ್ಸಾಯಿತು, ಬಣ್ಣ ನಿಧಾನಕ್ಕೆ ಹೊರಗೆ ಬಂತು. ನಾನು ಡಬ್ಬಿಯ ಮುಚ್ಚಳವನ್ನು ಎರಡು ಸಲ ತೊಳೆದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ ಕೆಲಸವೊಂದಿದೆ. ಒಂದು ಶನಿವಾರ ಇಬ್ಬರೂ ಜಯನಗರ ಕಾಂಪ್ಲೆಕ್ಸಿನ ಹತ್ತಿರ ತರಕಾರಿ ಕೊಳ್ಳುತ್ತಿದ್ದೆವು. ಅವರು ಕಿತ್ತಳೆ ಸೀರೆಗೆ ಗಂಡಸರ ಹಳೇ ಟೈಗಳನ್ನು ಸಾಲಾಗಿ ಜೋಡಿಸಿ ಹೊಲಿದ ಸೆರಗು ಹೊದ್ದಿದ್ದರು. ಎದುರಿನಿಂದ ನನ್ನ ನಾದಿನಿ, ಅವಳ ಬೀಗಿತ್ತಿ ಬರುತ್ತಿರುವುದು ಕಂಡಿತು. ನಾನು ಹತ್ತು ಹೆಜ್ಜೆ ಹಿಂದೆ ಸರಿದು ಒಂದು ಸೌತೆಕಾಯಿ ಗಾಡಿಯ ಮುಂದೆ ನಿಂತೆ. ನಾದಿನಿ ನನ್ನನ್ನು ಮಾತಾಡಿಸಿ, ಅಲ್ಲಿ ಮುಂದೆ ನಿಂತಿದ್ದ ಅವರ ಕಡೆ ಕಣ್ಣು ಹೊರಳಿಸಿ, "ಯಾರೋ ಡ್ರಾಮಾದೋರು ಅನ್ಸುತ್ತೆ" ಎಂದಳು. ನಾನೂ ನಕ್ಕೆ. ನಾದಿನಿಯವರು ಹೋದ ಮೇಲೆ ಅಕ್ಕನನ್ನು ಸೇರಿಕೊಂಡೆ. ಸೋಮವಾರ ಅಕ್ಕ ಪುಸ್ತಕಕ್ಕೆ ಸೀಲು ಒತ್ತುತ್ತ, ತಲೆ ಎತ್ತದೆ, "ಮೊನ್ನೆ ಸೌತೆಕಾಯಿನ ಬಹಳ ಹೊತ್ತು ನೋಡ್ದೆ ಕಣೇ ನೀನು" ಎಂದರು. ಅಷ್ಟೇ. ನಾನು ಬೈಸಿಕೊಂಡಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಅವರು ನಿವೃತ್ತರಾದ ದಿನ ಸಣ್ಣ ಸಮಾರಂಭ. ಮೈಕು ಕಿರುಚುತ್ತಿತ್ತು, ಎಲ್ಲರ ಕೈಯಲ್ಲೂ ಬೋಂಡದ ಪ್ಲೇಟು. ಆ ಗದ್ದಲದಲ್ಲಿ ನನ್ನ ಕೈಗೆ ಒಂದು ಹಳದಿ ಕವರು ತುರುಕಿದರು. "ಬಿಚ್ಚಬೇಡ. ಇಟ್ಕೊಂಡಿರು. ನಾನು ಕೇಳಿದಾಗ ತಂದ್ಕೊಡು" ಎಂದರು. ಸೀರೆ ಅಂಗಡಿಯವರು ಕೊಡುವಂಥ ಕವರು, ಮುಂದುಗಡೆ ಒಳಗಿನದು ಕಾಣುವ ಪಾರದರ್ಶಕ ಕಿಂಡಿ. ಅದರಲ್ಲಿ ಕಣ್ಣು ಕುಕ್ಕುವ ರಾಣಿ ಬಣ್ಣ. ಅಯ್ಯೋ ದೇವರೇ, ಇನ್ನೊಂದು, ಎಂದುಕೊಂಡೆ. ಇದನ್ನು ಉಟ್ಟುಕೊಂಡು ಬಾ ಎಂದು ಯಾವತ್ತೋ ಕಾಡುತ್ತಾರೆ, ಆಗ ನೋಡಿಕೊಳ್ಳೋಣ ಎಂದು ಮನೆಗೆ ತಂದು ಬೀರುವಿನ ಆ ಖಾನೆಗೇ ಸೇರಿಸಿದೆ.

ಆಮೇಲೆ ವರ್ಷಗಳು ಹೋದವು. ಅವರ ಮನೆ ಉತ್ತರಹಳ್ಳಿಯಲ್ಲಿ, ಹಿಂದೆ ಹೊಲವಿದ್ದು ಈಗ ಬಾಡಿಗೆ ಮನೆಗಳಾಗಿರುವ ಸಾಲಿನ ಕೊನೆಯಲ್ಲಿ. ನಾನಿರುವುದು ಬಿಟಿಎಂನಲ್ಲಿ. ದೂರವೇನೂ ಅಲ್ಲ, ಆದರೆ ಈ ಊರಿನಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಯಾರು ಅಳೆಯುತ್ತಾರೆ? ಮುಂದಿನ ಭಾನುವಾರ ಬರ್ತೀನಿ ಎಂದು ಫೋನಿನಲ್ಲಿ ಹೇಳುತ್ತಿದ್ದೆ. ಭಾನುವಾರ ಬಂದರೆ ಮಲಗಿಬಿಡುತ್ತಿದ್ದೆ. ಗಂಡನಿಗೆ ಆಪರೇಷನ್ ಆಯಿತು, ನನ್ನ ಮಂಡಿ ಹೋಯಿತು, ನಾನೂ ನಿವೃತ್ತಳಾದೆ. ಸುಸ್ತು ಎನ್ನುವುದು ನೆಪವೂ ಹೌದು, ನಿಜವೂ ಹೌದು.

ಕಳೆದ ಬೇಸಿಗೆಯಲ್ಲಿ ಅವರ ಸೊಸೆ ಫೋನ್ ಮಾಡಿದಳು. "ಆಂಟಿ, ಅತ್ತೆಗೆ ಹುಷಾರಿಲ್ಲ. ಡಾಕ್ಟ್ರು ಮನೆಗೆ ಕರ್ಕೊಂಡ್ಹೋಗಿ ಅಂದ್ಬಿಟ್ಟಿದಾರೆ. ನಿಮ್ಮನ್ನೇ ಕೇಳ್ತಿದಾರೆ." ಅವತ್ತೇ ಹೋದೆ. ಮಂಚದ ಮೇಲೆ ಅವರು ಇಷ್ಟೇ ಇಷ್ಟಾಗಿದ್ದರು. ಮೈಮೇಲೆ ಬಣ್ಣ ಹೋದ ಒಂದು ನೈಟಿ, ನನ್ನ ಸೀರೆಯಂಥದೇ ಬೂದು. "ಏನೇ ಬೂದಗುಂಬಳ, ಕೊನೆಗೂ ಇಬ್ರೂ ಮ್ಯಾಚಿಂಗ್ ಆದ್ವಿ ನೋಡು" ಎಂದರು.

ಸೊಸೆ ಕಾಫಿ ತರಲು ಒಳಗೆ ಹೋದಾಗ ಹತ್ತಿರ ಕರೆದರು. "ನಮ್ಮ ಕಡೆ ಕೊನೆಗೆ ತವರು ಮನೆಯಿಂದ ಸೀರೆ ಬರ್ಬೇಕು. ಅದನ್ನೇ ಮೇಲೆ ಹೊದಿಸಿ ಕಳಿಸೋದು. ನಂಗೆ ತವರು ಎಲ್ಲಿದೆ ಹೇಳು? ಅಣ್ಣ ಹೋದ. ಅಪ್ಪನ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟಿನೋರು ಈಜುಕೊಳ ಮಾಡ್ಕೊಂಡಿದಾರೆ. ಯಾರೂ ತರದಿದ್ರೆ ಬೀದೀಲಿರೋ ಯಾರೋ ಒಬ್ರು ಓಡಿಹೋಗಿ ಒಂದು ಬಿಳೀದು ತಂದು ಹಾಕ್ತಾರೆ. ಅದಕ್ಕೇ ನಾನೇ ಒಂದು ಹೊಲಿದು ನಿನ್ನ ಹತ್ರ ಕೊಟ್ಟಿದ್ದು. ಆ ಹಳದಿ ಕವರ್ ಇದೆ ತಾನೆ?"

"ಇದೆ" ಎಂದೆ.

"ಸರಿ. ಬರೋ ವಾರ ತಗೊಂಬಾ. ಒಂದ್ಸಲ ನೋಡ್ತೀನಿ. ಆಮೇಲೆ ಅದು ಬೇಕಾಗುವಾಗ ನೀನೇ ತವರಿನೋಳು."

ಇರಲಿಲ್ಲ. ಅವರು ಹಳದಿ ಕವರು ಎಂದ ಕ್ಷಣವೇ ನೆನಪಾಯಿತು. ಎರಡು ವರ್ಷದ ಹಿಂದೆ ಗಿರಿನಗರದಲ್ಲಿ ನನ್ನ ಚಿಕ್ಕಮ್ಮನ ಮಗಳ ಗೃಹಪ್ರವೇಶ. ಹೊರಡುವ ಗಡಿಬಿಡಿಯಲ್ಲಿ ಬೀರು ತೆರೆದು, ಆ ಖಾನೆಯಿಂದ ಸೀರೆಯ ಕವರೊಂದನ್ನು ಎಳೆದಿದ್ದೆ. ಯಾರು ಕೊಟ್ಟದ್ದು ಎಂದು ಯೋಚಿಸಲೂ ಇಲ್ಲ. ಬಣ್ಣ ಜೋರಾಗಿದೆ, ಹೊಸ ಮನೆಯವರಿಗೆ ಆಗುತ್ತದೆ ಎಂದು ಮೇಲೊಂದು ಅರಿಶಿನ ಕುಂಕುಮದ ಪೊಟ್ಟಣ ಇಟ್ಟು ಕೊಟ್ಟು ಬಂದಿದ್ದೆ.

ಮಾರನೆಯ ದಿನ ಗಿರಿನಗರಕ್ಕೆ ಹೋದೆ. ಕೊಟ್ಟದ್ದನ್ನು ವಾಪಸ್ಸು ಕೇಳುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿ ಇನ್ನೊಂದಿಲ್ಲ. ಕಾಫಿ ಕುಡಿದು, ತಂಗಿಯ ಮಗಳ ಪರೀಕ್ಷೆಯ ವಿಷಯವೆಲ್ಲ ಮುಗಿದ ಮೇಲೆ ಬಾಯಿ ಬಿಟ್ಟೆ. ಅವಳ ಮುಖ ಕೆಂಪಾಯಿತು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಬಿಚ್ಚಿ ನೋಡಿದ್ದೆ. ರಾಣಿ ಕಲರ್ರು, ಅಂಚಿಗೆ ಬೇರೆ ಬೇರೆ ಬಟ್ಟೆ ತುಂಡು ಚೌಕ ಚೌಕ ಸೇರಿಸಿ, ಮಧ್ಯೆ ಮಧ್ಯೆ ಗುಂಡಿ ಹಾಕಿ ಹೊಲಿದಿದ್ರು. ಇದು ನಿಮ್ಮ ಟೇಸ್ಟ್ ಅಲ್ವಲ್ಲ, ನಿಮಗೂ ಯಾರೋ ಕೊಟ್ಟಿರ್ಬೇಕು ಅಂದ್ಕೊಂಡು ನಾನೂ ಕೊಟ್ಬಿಟ್ಟೆ." ಯಾರಿಗೆ? ಜೆಪಿ ನಗರದಲ್ಲಿರುವ ಅವಳ ಗಂಡನ ಸಹೋದ್ಯೋಗಿಯ ಹೆಂಡತಿಗೆ.

ಜೆಪಿ ನಗರದ ಆ ಹೆಂಗಸು ಯಾರೋ ಏನೋ. ಗೇಟಿನಲ್ಲಿ ಸೆಕ್ಯುರಿಟಿಯವನಿಗೆ ಹೆಸರು ಬರೆಸಿ, ಲಿಫ್ಟಿನಲ್ಲಿ ಹೋಗಿ, ಅವರ ಸೋಫಾದ ತುದಿಯಲ್ಲಿ ಕೂತು ಕೇಳಿದೆ. ಅವರು ಬೈಯಲಿಲ್ಲ, ಪಾಪ. ಹುಚ್ಚೇನೋ ಎಂಬಂತೆ ಮಾತ್ರ ನೋಡಿದರು. ಆಮೇಲೆ ನೆನಪು ಮಾಡಿಕೊಂಡು ಹೇಳಿದರು: ಮೊದಲು ಅವರ ಮನೆಗೆ ಬರುತ್ತಿದ್ದ ಅಡುಗೆಯಾಕೆ ಈಗ ಮಡಿವಾಳದಲ್ಲಿ ಒಂದು ಪಿಜಿಯಲ್ಲಿದ್ದಾಳೆ, ಹೋದ ವರ್ಷ ಅವಳ ತಂಗಿಯ ಮದುವೆಗೆಂದು ಕೊಟ್ಟುಬಿಟ್ಟರಂತೆ.

ಮಡಿವಾಳದ ಮಾರ್ಕೆಟ್ಟಿನ ಹಿಂದಿನ ಆ ಪಿಜಿ ಹುಡುಕುವಷ್ಟರಲ್ಲಿ ನನ್ನ ಮಂಡಿ ಅಳುತ್ತಿತ್ತು. ಅಡುಗೆಯಾಕೆ ಚಪಾತಿ ಲಟ್ಟಿಸುತ್ತಲೇ ನನ್ನ ಮಾತು ಕೇಳಿದಳು. "ಹೌದ್ರೀ ಅಕ್ಕಾರ, ನಮ್ಮ ತಂಗಿಗೆ ಕೊಟ್ಟೇನಿ. ಹಾವೇರಿ ಹತ್ರ ಕೊಟ್ಟೀವಿ ಆಕಿನ್ನ. ಮದುವಿ ಮರುದಿನ ಅದನ್ನಽ ಉಟ್ಟಿದ್ಲು. ಊರ ಮಂದಿ ಎಲ್ಲಾ ಎಲ್ಲಿ ತಂದಿ, ಎಲ್ಲಿ ತಂದಿ ಅಂತ ಕೇಳಿದ್ರ ನೋಡ್ರಿ. ಯಾಕ್ರೀ, ಏನಾತು?" ಎಂದಳು. ನಾನು ಏನು ಹೇಳಲಿ? "ಏನಿಲ್ಲಮ್ಮ, ಚೆನ್ನಾಗಿದಾಳಾ ಅಂತ ಕೇಳೋಣ ಅಂತ ಬಂದೆ" ಎಂದೆ. ಅವಳು ಒಂದು ಬಿಸಿ ಚಪಾತಿಗೆ ಪಲ್ಯ ಹಾಕಿ ಕೈಗೆ ಕೊಟ್ಟಳು. ಅಲ್ಲೇ ಒಂದು ಅಕ್ಕಿ ಮೂಟೆಯ ಮೇಲೆ ಕೂತು ತಿಂದೆ. ತಿನ್ನುತ್ತ ಅಳು ಬಂತು.

ಉಳಿದದ್ದು ಮೂರು ದಿನ. ನಾಲ್ಕನೇ ಬ್ಲಾಕಿನ ಒಂದು ಅಂಗಡಿಗೆ ಹೋಗಿ ರಾಣಿ ಬಣ್ಣದ ಸೀರೆ ತೆಗೆಸಿದೆ. "ಯಾರಿಗೆ ಮೇಡಂ, ಮಗಳಿಗಾ?" ಎಂದ ಅಂಗಡಿಯಾತ. "ಅಕ್ಕನಿಗೆ" ಎಂದೆ. ಮನೆಗೆ ಬಂದು ಬೀರುವಿನ ಆ ಖಾನೆಯನ್ನು ಪೂರ್ತಿ ಕೆಳಗಿಳಿಸಿದೆ. ವರ್ಷಗಟ್ಟಲೆ ಪೇರಿಸಿದ ಬ್ಲೌಸ್ ಪೀಸುಗಳು. ಒಂದನ್ನೂ ಬಿಚ್ಚಿ ನೋಡಿರಲಿಲ್ಲ. ಬಿಚ್ಚಿದರೆ ಇಷ್ಟೊಂದು ಬಣ್ಣಗಳು ನನ್ನ ಮನೆಯಲ್ಲೇ ಇದ್ದವೇ ಎಂದು ದಂಗಾದೆ. ಒಂದೊಂದರಿಂದ ಒಂದೊಂದು ಚೌಕ ಕತ್ತರಿಸಿದೆ. ಗಂಡನ ಹಳೇ ಶರ್ಟುಗಳ ಗುಂಡಿ ಕಿತ್ತೆ. ನನಗೆ ಹೊಲಿಗೆ ಬರುವುದಿಲ್ಲ. ಸ್ಕೂಲಿನಲ್ಲಿ ಕಲಿತ ಹೆಮ್ಮಿಂಗ್ ಒಂದು ಅರ್ಧಮರ್ಧ ನೆನಪಿತ್ತು. ಶನಿವಾರ, ಭಾನುವಾರ ಎರಡೂ ಹಗಲು ಕಿಟಕಿಯ ಹತ್ತಿರ ಕೂತು, ಬೆರಳಿಗೆ ಚುಚ್ಚಿಕೊಳ್ಳುತ್ತ ಹೊಲಿದೆ. ಚೌಕಗಳು ಸೊಟ್ಟಗಾದವು. ಅಂಚು ಒಂದು ಕಡೆ ಸುಕ್ಕಾಯಿತು. ಬೆನ್ನು ನೋಯುತ್ತಿತ್ತು, ಆದರೂ ಏಳಲು ಮನಸ್ಸು ಬರಲಿಲ್ಲ. ಈ ಸಂತೋಷವನ್ನು ಅಕ್ಕ ಒಬ್ಬರೇ ಇಟ್ಟುಕೊಂಡಿದ್ದರಲ್ಲ ಎಂದು ಒಮ್ಮೆ ಸಿಟ್ಟೂ ಬಂತು. ಹಾಗಂದುಕೊಂಡ ಮೇಲೆ ನೆನಪಾಯಿತು, ಅವರು ಎಷ್ಟು ಸಲ ಕರೆದಿದ್ದರೆಂದು. ಬಾರೇ, ಒಂದು ಸೂಜಿ ಹಿಡಿ ಎಂದಾಗೆಲ್ಲ ನನಗೆ ಬಸ್ಸಿಗೆ ಹೊತ್ತಾಗುತ್ತಿತ್ತು.

ಸೋಮವಾರ ಅದನ್ನು ಒಂದು ಹಳದಿ ಕವರಿಗೆ ಹಾಕಿಕೊಂಡು ಉತ್ತರಹಳ್ಳಿಗೆ ಹೋದೆ. ಕವರನ್ನೂ ಅಂಗಡಿ ಅಂಗಡಿ ಸುತ್ತಿ ಹುಡುಕಿದ್ದೆ. ಸೊಸೆ ದಿಂಬು ಒರಗಿಸಿ ಅವರನ್ನು ಕೂರಿಸಿದಳು. ಸೀರೆಯನ್ನು ತೊಡೆಯ ಮೇಲೆ ಹರಡಿದೆ. ಅವರಿಗೆ ಕಣ್ಣು ಆ ಹೊತ್ತಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಬೆರಳುಗಳಿಂದ ಅಂಚನ್ನು ಸವರುತ್ತ ಹೋದರು. ಒಂದು ಚೌಕ, ಒಂದು ಗುಂಡಿ, ಇನ್ನೊಂದು ಚೌಕ. ಸುಕ್ಕಿದ್ದಲ್ಲಿ ಬೆರಳು ನಿಂತಿತು.

"ಹೆಮ್ಮಿಂಗ್ ಹಿಂಗಾ ಮಾಡೋದು?" ಎಂದರು.

ನಾನು ಆ ಸುಕ್ಕನ್ನು ಕೈಯಿಂದ ನೇರ ಮಾಡಲು ಹೋದೆ.

"ನಂದು ಎಲ್ಲಿ ಹೋಯ್ತು?"

"ಹಾವೇರಿಗೆ" ಎಂದೆ. ಆಮೇಲೆ ತಡೆಯದೆ ಎಲ್ಲ ಹೇಳಿಬಿಟ್ಟೆ. ಗಿರಿನಗರ, ಜೆಪಿ ನಗರ, ಮಡಿವಾಳ, ಚಪಾತಿ, ಮದುವೆ. "ತಪ್ಪಾಯ್ತು ಅಕ್ಕ. ಬಿಚ್ಚಿ ನೋಡ್ಲೇ ಇಲ್ಲ. ನೀವು ಕೊಟ್ಟಿದ್ದು ಅನ್ನೋದನ್ನೇ ಮರೆತಿದ್ದೆ" ಎಂದೆ.

"ಮದುಮಗಳು ಉಟ್ಟಳಾ?"

"ಹೂಂ. ಊರೋರೆಲ್ಲ ಕೇಳಿದ್ರಂತೆ, ಎಲ್ಲಿ ತಂದ್ರಿ ಅಂತ."

ಅವರು ನಕ್ಕರು. ನಗು ಕೆಮ್ಮಾಗಿ, ಸೊಸೆ ಓಡಿ ಬಂದು ನೀರು ಕುಡಿಸಿದಳು. ಉಸಿರು ಸರಿಹೋದ ಮೇಲೆ ನನ್ನ ಕೈ ಹಿಡಿದುಕೊಂಡರು. "ಸಾಯೋಳಿಗೆ ಅಂತ ಹೊಲಿದಿದ್ದು ಮದುಮಗಳ ಮೈಮೇಲೆ ಹೋಯ್ತಲ್ಲೇ! ನಿನ್ನ ಜನ್ಮದಲ್ಲಿ ನೀನು ಮಾಡಿದ ಒಂದೇ ಒಳ್ಳೆ ಕೆಲಸ ಅದು. ಅವರಿಗೆ ಹೇಳಿಲ್ಲ ತಾನೆ?"

"ಇಲ್ಲ."

"ಹೇಳ್ಬೇಡ. ಹಾಯಾಗಿ ಉಟ್ಕೊಂಡಿರ್ಲಿ." ಮತ್ತೆ ಸೀರೆಯ ಅಂಚನ್ನು ಎಳೆದುಕೊಂಡರು. "ಇದು ಸೊಟ್ಟಗಿದೆ. ಆದ್ರೂ ನನ್ನ ತವರಿಂದು. ಸೂಜಿ ತಾ."

ಸೂಜಿಗೆ ದಾರ ಪೋಣಿಸಲು ನನಗೂ ಆಗಲಿಲ್ಲ, ಅವರಿಗೂ ಆಗಲಿಲ್ಲ. ಸೊಸೆಯೇ ಪೋಣಿಸಿಕೊಟ್ಟಳು. ಸೆರಗಿನ ಮೂಲೆಯಲ್ಲಿ ಕೆಂಪು ಗಂಟು ಹಾಕಿದರು. ನಾನು ಬಟ್ಟೆಯನ್ನು ಬಿಗಿಯಾಗಿ ಹಿಡಿದುಕೊಂಡೆ. ಹಳದಿ ಹಾಕುವಷ್ಟರಲ್ಲಿ ಹಣೆಯ ಮೇಲೆ ಬೆವರೊಡೆದಿತ್ತು. ಸೂಜಿಯನ್ನು ನನ್ನ ಕಡೆ ಚಾಚಿ, "ಹಸಿರು ನೀನು ಹಾಕು, ನಂಗೆ ಸುಸ್ತು" ಎಂದರು. ಹಾಕಿದೆ. ಬೆರಳಿನಿಂದ ಮುಟ್ಟಿ ನೋಡಿ, "ಹೂಂ" ಎಂದು ಕಣ್ಣು ಮುಚ್ಚಿಕೊಂಡರು.

ಅದಾದ ಹನ್ನೆರಡನೆಯ ದಿನ ಬೆಳಿಗ್ಗೆ ಫೋನು ಬಂತು. ನನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ಆ ಸೀರೆಯ ಕವರು ಹಿಡಿದು ನಾನು ಹೋಗುವ ಹೊತ್ತಿಗೆ ಅವರ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಹಳೇ ಉತ್ತರಹಳ್ಳಿಯ ಅವರ ಕಡೆಯ ಜನ, ಬಾಡಿಗೆದಾರರು, ಬೀದಿಯವರು ಎಲ್ಲ ಸೇರಿದ್ದರು. ಮೈ ತೊಳೆಸಿ, ಯಾರೋ ತಂದ ತೆಳು ಬಿಳಿ ಬಟ್ಟೆಯೊಂದನ್ನು ಹೊದಿಸಿ ಮಲಗಿಸಿದ್ದರು. ಅವರನ್ನು ಹಾಗೆ ನೋಡಲು ನನ್ನಿಂದಾಗಲಿಲ್ಲ. ಗೇಟಿನ ಹತ್ತಿರ, ಎಲ್ಲರ ಹಿಂದೆ, ಹಳದಿ ಕವರನ್ನು ಎದೆಗೊತ್ತಿಕೊಂಡು ನಿಂತೆ. ಇಷ್ಟು ಜನರ ಮುಂದೆ, ಇಂಥ ಹೊತ್ತಿನಲ್ಲಿ, ಈ ರಾಣಿ ಬಣ್ಣವನ್ನು, ಈ ಗುಂಡಿಗಳನ್ನು ಹೇಗೆ ಬಿಚ್ಚಲಿ? ಏನೆಂದುಕೊಳ್ಳುತ್ತಾರೆ? ಸುಳ್ಳೇಕೆ ಹೇಳಲಿ, ಆಗಲೂ ನನಗೆ ನಾಚಿಕೆಯೇ ಆಯಿತು. ಕಾಲು ತಾನಾಗಿ ಹಿಂದೆ ಸರಿಯಿತು.

ಅಷ್ಟರಲ್ಲಿ ಕೋಲು ಹಿಡಿದ ಮುದುಕಿಯೊಬ್ಬರು, ಅವರ ಅತ್ತೆಯ ಕಡೆಯ ಹಿರಿಯರಿರಬೇಕು, ಸುತ್ತ ನೋಡಿ ಜೋರಾಗಿ ಕೇಳಿದರು: "ಹೊತ್ತಾಯ್ತು. ತವರಿನ ಸೀರೆ ಬಂತೇನ್ರಮ್ಮ? ತವರಿನೋರು ಯಾರಾದ್ರೂ ಇದ್ರೆ ಮುಂದೆ ಬನ್ನಿ."

ಸೊಸೆ ನನ್ನ ಕಡೆ ನೋಡಿದಳು.

"ನಾನಿದೀನಿ" ಎಂದು ಮುಂದೆ ಹೋದೆ.